ಶೇರುವಿನ ಇಷ್ಟದ ತಿಂಡಿ

ಮನುಷ್ಯನ ಮುಖ ನೋಡಿ ಅವನು ಯಾವ ತಿಂಡಿ ತಿನ್ನುತ್ತಾನೆ ಎಂದು ಹೇಳುವ ವಿದ್ಯೆ ನನಗೆ ಸಿದ್ಧಿಸಿದೆ. ಇದು ಜಂಬದ ಮಾತಲ್ಲ, ಮೂವತ್ತು ವರ್ಷದ ಸರ್ವಿಸ್ಸಿನ ಮಾತು. ಮುಂಬೈಯ ಫೋರ್ಟಿನ ಒಂದು ಉಡುಪಿ ಹೋಟೆಲಿನ ಕೌಂಟರಿನಲ್ಲಿ ಕುಳಿತು ನಾನು ನೋಡದ ಗಿರಾಕಿ ಇಲ್ಲ. ಟೈ ಸಡಿಲಿಸುತ್ತಾ ಬಂದವನು ಮಸಾಲೆ ದೋಸೆ. ಕಂಕುಳಲ್ಲಿ ಫೈಲು ಇಟ್ಟುಕೊಂಡು ಗಡಿಯಾರ ನೋಡುತ್ತಾ ಬಂದವನು ಇಡ್ಲಿ ವಡೆ, ಸಾಂಬಾರು ಬೇರೆ ಬಟ್ಟಲಲ್ಲಿ. ಕೋರ್ಟಿನಲ್ಲಿ ಕೇಸು ಸೋತು ಬಂದವನು ಬರೀ ಚಹಾ. ಗೆದ್ದು ಬಂದವನು ಚಹಾದ ಜೊತೆ ಶೀರಾ! ಗಿರಾಕಿ ಕುರ್ಚಿ ಎಳೆಯುವ ಮೊದಲೇ ನನ್ನ ಮನಸ್ಸಿನಲ್ಲಿ ಅವನ ಆರ್ಡರು ಬರೆದಾಗಿರುತ್ತದೆ.

ಹೀಗಿರುವಾಗ ಒಂದು ನಾಯಿಗೆ ಯಾವ ತಿಂಡಿ ಇಷ್ಟ ಎಂದು ಕಂಡುಹಿಡಿಯುವುದು ಯಾವ ಮಹಾ ಕೆಲಸ?

ನಾಯಿಯ ಹೆಸರು ಶೇರು. ಎರಡು ವರ್ಷದ ಹಿಂದೆ ನನ್ನ ಮಗಳು ಅನುಷಾ ಘಾಟ್ಕೋಪರ್ ಸ್ಟೇಷನ್ನಿನ ಹೊರಗೆ ರಿಕ್ಷಾಗಳ ಮಧ್ಯೆ ಸಿಕ್ಕಿಬಿದ್ದಿದ್ದ ಮರಿಯನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಹೆಸರೇನೋ ಸಿಂಹದ್ದು. ಕುಕ್ಕರ್ ಸೀಟಿ ಹೊಡೆದರೆ ಮಾತ್ರ ಸಿಂಹ ಮಂಚದ ಕೆಳಗೆ! ಈ ಶೇರು ಕಳೆದ ತಿಂಗಳು ಒಂದು ಭಾನುವಾರ ನಮ್ಮ ಹೌಸಿಂಗ್ ಸೊಸೈಟಿಯ ಕಾಂಪೌಂಡಿನಲ್ಲಿ ಓಡುವಾಗ ಮುಂಗಾಲಿಗೆ ಗಾಜು ಚುಚ್ಚಿಸಿಕೊಂಡಿತು. ಸೋಮವಾರ ಬೆಳಗ್ಗೆ ಅನುಷಾ ಅದನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಪಟ್ಟಿ ಕಟ್ಟಿಸಿ, ಐದು ಮಾತ್ರೆ ತಂದಳು. ಆದರೆ ಅದೇ ದಿನ ಮಧ್ಯಾಹ್ನ ಅವಳು ಆಫೀಸಿನ ಟ್ರೈನಿಂಗಿಗೆ ಒಂದು ವಾರ ಪುಣೆಗೆ ಹೋಗಬೇಕಿತ್ತು.

"ಪಪ್ಪಾ, ರೋಜ್ ಒಂದು ಟ್ಯಾಬ್ಲೆಟ್. ಮಿಸ್ ಮಾಡ್ಬೇಡ ಪ್ಲೀಸ್," ಎಂದಳು ಬ್ಯಾಗು ಹೆಗಲಿಗೇರಿಸಿ. "ಇನ್ಫೆಕ್ಷನ್ ಒಳಗೆ ಹೋದ್ರೆ ಬೇಹೋಶ್ ಮಾಡಿ ಗಾಯ ಕಟ್ ಮಾಡಿ ಕ್ಲೀನ್ ಮಾಡ್ಬೇಕು ಅಂತ ಡಾಕ್ಟರ್ ಬೋಲೀ. ಅವನು ತುಂಬಾ ಹೆದರ್ತಾನೆ ಪಪ್ಪಾ."

ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ನಮ್ಮ ಹೋಟೆಲಿನ ಅಡುಗೆಮನೆಗೆ ಹೊಸ ಟೈಲ್ಸ್ ಹಾಕುತ್ತಿದ್ದ ಕಾರಣ ನನಗೆ ಹತ್ತು ದಿನ ರಜೆ ಬೇರೆ ಇತ್ತು. "ನೀನು ನಿಶ್ಚಿಂತೆಯಿಂದ ಹೋಗು ಮಗಾ," ಎಂದೆ. "ಐದು ಮಾತ್ರೆ ತಿನ್ನಿಸುವ ಜವಾಬ್ದಾರಿ ಈ ನಿನ್ನಪ್ಪನದ್ದು!"

"ನಾನು ಕೊಡ್ತೇನೆ ಮಾರಾಯ್ರೆ, ಒಂದು ನಿಮಿಷದ ಕೆಲಸ," ಎಂದಳು ಹೆಂಡತಿ ವಸಂತಿ ಅಡುಗೆಮನೆಯಿಂದ.

"ಇದು ತಿನ್ನಿಸುವ ವಿಷಯ. ನನ್ನ ಲೈನು. ನೀನು ಮಧ್ಯೆ ಬರಬೇಡ," ಎಂದೆ.

ಸೋಮವಾರ ಸಂಜೆ ಒಂದು ಇಡ್ಲಿಯ ಹೊಟ್ಟೆ ಬಗೆದು, ಮಾತ್ರೆ ಒಳಗಿಟ್ಟು, ಮೇಲೆ ತುಪ್ಪ ಸವರಿ ಶೇರುವಿನ ಮುಂದಿಟ್ಟೆ. ಶೇರು ತಿಂದಿತು, ಪೂರ್ತಿ ಇಡ್ಲಿ ತಿಂದಿತು. ತಟ್ಟೆಯ ನಡುವೆ ಮಾತ್ರೆ ಮಾತ್ರ ಉಳಿದಿತ್ತು, ತೊಳೆದಿಟ್ಟ ಹಾಗೆ! ನಾನು ಅದನ್ನು ಎತ್ತಿ ಇನ್ನೊಂದು ಇಡ್ಲಿಗೆ ತುರುಕಲು ಹೋದರೆ ಅದು ಬೆರಳಲ್ಲೇ ಕರಗಿ ಹಿಟ್ಟಾಯಿತು. ಶೇರು ನನ್ನನ್ನು ಒಮ್ಮೆ ನೋಡಿ ಸೋಫಾದ ಹಿಂದೆ ಹೋಗಿ ಮಲಗಿತು. ಆ ನೋಟ ನನಗೆ ಗೊತ್ತು. ಸಾಂಬಾರಿನಲ್ಲಿ ಕೂದಲು ಸಿಕ್ಕಿದ ಗಿರಾಕಿಯ ನೋಟ ಅದು.

ನಾನು ಎದೆಗುಂದಲಿಲ್ಲ. ತಪ್ಪು ಎಲ್ಲಿ ಎಂದು ಕೂಡಲೇ ತಿಳಿಯಿತು. ಶೇರುವಿಗೆ ಇಡ್ಲಿ ಇಷ್ಟ, ಆದರೆ ಪ್ರಾಣ ಬಿಡುವಷ್ಟು ಇಷ್ಟವಲ್ಲ. ಒಂದೊಂದೇ ತುತ್ತು ಬಿಡಿಸಿ ನೋಡುವಷ್ಟು ವ್ಯವಧಾನ ಅದಕ್ಕಿತ್ತು. ಕಂಡ ಕೂಡಲೇ ಹಿಂದುಮುಂದು ನೋಡದೆ ಗುಳುಂ ಮಾಡುವಂಥ ಒಂದು ತಿಂಡಿ ಎಲ್ಲ ಪ್ರಾಣಿಗೂ ಇರುತ್ತದೆ. ಅದನ್ನು ಕಂಡುಹಿಡಿದು ಅದರೊಳಗೆ ಮಾತ್ರೆ ಇಟ್ಟರೆ ಮುಗಿಯಿತು!

ಮಂಗಳವಾರ ಬೆಳಗ್ಗೆ ಹೊಸ ನೋಟ್‌ಬುಕ್ಕೊಂದನ್ನು ತೆರೆದು ಗೆರೆ ಎಳೆದೆ. ಒಂದು ಸಲಕ್ಕೆ ಎರಡು ತಟ್ಟೆ, ಎರಡು ತಿಂಡಿ. ಸೋತದ್ದು ಹೊರಗೆ, ಗೆದ್ದದ್ದು ಮುಂದಿನ ಸುತ್ತಿಗೆ. ಬಾಲ್ಕನಿಗೆ ಹೋಗುವ ದಾರಿಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ಪರೀಕ್ಷಾ ಕೇಂದ್ರ. ವಸಂತಿಗೆ ಎರಡು ನಿಯಮಗಳನ್ನು ಓದಿ ಹೇಳಿದೆ. ಒಂದು, ಪರೀಕ್ಷೆ ಮುಗಿಯುವವರೆಗೆ ಮನೆಯವರು ಯಾವುದೇ ಅಭಿಪ್ರಾಯ ವ್ಯಕ್ತಪಡಿಸತಕ್ಕದ್ದಲ್ಲ. ಎರಡು, ನಾನು ಖುದ್ದು ಬಂದು ಪರಿಶೀಲಿಸುವಾಗ ತಟ್ಟೆಗಳು ಇಟ್ಟ ಜಾಗದಲ್ಲೇ ಇರತಕ್ಕದ್ದು.

"ಒಂದು ಮಾತು ಹೇಳ್ಬಹುದಾ?" ಎಂದಳು ವಸಂತಿ.

"ನಿಯಮ ಒಂದು!" ಎಂದೆ.

ಅವಳು ಬಾಯಿ ಮುಚ್ಚಿಕೊಂಡಳು. ಮದುವೆಯಾದ ಮೇಲೆ ಅವಳು ನನ್ನ ಮಾತನ್ನು ಅಕ್ಷರಶಃ ಪಾಲಿಸಿದ್ದು ಅದೇ ಮೊದಲ ಸಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಇಲ್ಲಿ ನನ್ನ ಕಸುಬಿನ ಎರಡು ಗುಟ್ಟುಗಳನ್ನು ಹೇಳಬೇಕು. ತಿನ್ನುವವನ ಬಾಯಿ ನೋಡುತ್ತಾ ನಿಲ್ಲಬಾರದು, ಗಿರಾಕಿಗೆ ಸಂಕೋಚವಾಗುತ್ತದೆ. ಹೊಸ ವೇಟರಿಗೆ ನಾವು ಮೊದಲು ಕಲಿಸುವುದೇ ತಟ್ಟೆ ಇಟ್ಟು ಆಚೆ ಹೋಗುವುದನ್ನು. ಇನ್ನು ತಿಂಡಿ ಹೇಗಿತ್ತು ಎಂದು ಗಿರಾಕಿಯನ್ನು ಕೇಳಿ ಪ್ರಯೋಜನವಿಲ್ಲ. ದಾಕ್ಷಿಣ್ಯಕ್ಕೆ ಚೆನ್ನಾಗಿದೆ ಅನ್ನುತ್ತಾನೆ. ತೊಳೆಯಲು ಬರುವ ತಟ್ಟೆ ನೋಡಬೇಕು. ಬಾಯಿ ಸುಳ್ಳು ಹೇಳಬಹುದು, ಎಂಜಲು ತಟ್ಟೆ ಸುಳ್ಳು ಹೇಳುವುದಿಲ್ಲ! ಈ ಸೂತ್ರದ ಪ್ರಕಾರ ನಾನು ಎರಡು ತಟ್ಟೆ ಇಟ್ಟು, ಹಾಲಿಗೆ ಬಂದು, ಪರದೆ ಎಳೆದು, ಹದಿನೈದು ನಿಮಿಷ ಪೇಪರ್ ಓದಿ, ಆಮೇಲೆ ಹೋಗಿ ನೋಡುತ್ತಿದ್ದೆ.

ಮೊದಲ ಸುತ್ತು ಉಪ್ಪಿಟ್ಟು ಮತ್ತು ನೀರ್‌ದೋಸೆ. ಉಪ್ಪಿಟ್ಟು ಚೆಲ್ಲಾಪಿಲ್ಲಿಯಾಗಿ ಉಳಿದಿತ್ತು, ನೀರ್‌ದೋಸೆ ಮಾಯ! ಎರಡನೆಯ ಸುತ್ತು ಮೊಸರನ್ನ ಮತ್ತು ಗೋಳಿಬಜೆ. ಮೊಸರನ್ನದ ಮೇಲೆ ಒಂದೆರಡು ಗುರುತು ಮಾತ್ರ. ಗೋಳಿಬಜೆಯ ಒಂದು ಚೂರೂ ಇಲ್ಲ! ನಾನು ಸಂತೋಷದಿಂದ ಬರೆದುಕೊಂಡೆ. ಶೇರು ಸೋಫಾದ ಹಿಂದೆ ಮಲಗಿತ್ತು. ಹೊಟ್ಟೆ ತುಂಬಿದ ಗಿರಾಕಿ ಹೀಗೆಯೇ ಮಲಗುತ್ತಾನೆ ಎಂದುಕೊಂಡೆ.

ಅಷ್ಟರಲ್ಲಿ ಎದುರು ಮನೆಯ ಪಾಟೀಲರು ಬಂದರು. ವಿಜಯಪುರದ ಕಡೆಯವರು, ಇಲ್ಲಿ ಬಟ್ಟೆ ವ್ಯಾಪಾರ. ಕೈಯಲ್ಲಿ ಎರಡು ಜೋಳದ ರೊಟ್ಟಿ.

"ಏನ್ರೀ ಭಟ್ರ, ನಾಯಿಗೆ ಎಣ್ಣ್ಯಾಗ ಕರದಿದ್ದು ತಿನಸ್ತೀರಂತ? ನಮ್ಮ ಕಡೆ ನಾಯಿ ಅಂದ್ರ ರೊಟ್ಟಿ, ರೊಟ್ಟಿ ಅಂದ್ರ ನಾಯಿ. ಒಂದ್ ತುಂಡು ಒಗದ್ ನೋಡ್ರಿ, ಮೂರು ಕಾಲಾಗ ಕುಣೀತದ."

ನಾನು ಪಕ್ಷಪಾತಿಯಲ್ಲ. ರೊಟ್ಟಿಗೂ ಅವಕಾಶ ಕೊಟ್ಟೆ. ಗೋಳಿಬಜೆ ಮತ್ತು ಜೋಳದ ರೊಟ್ಟಿ ಎದುರುಬದುರು. ಪಾಟೀಲರು ಮತ್ತು ನಾನು ಹಾಲಿನಲ್ಲಿ ಕೂತು ಚುನಾವಣೆಯ ಫಲಿತಾಂಶಕ್ಕೆ ಕಾದವರಂತೆ ಕಾದೆವು. ಹದಿನೈದು ನಿಮಿಷದ ಮೇಲೆ ಪರದೆ ಸರಿಸಿದರೆ ರೊಟ್ಟಿಯ ಅಂಚು ಮಾತ್ರ ಹರಿದಿತ್ತು. ಗೋಳಿಬಜೆಯ ತಟ್ಟೆ ಕನ್ನಡಿ!

"ಮುಂಬೈ ನೀರ್ ಕುಡದ ನಾಯಿರಿ ಇದು. ಬಾಯಿ ಕೆಟ್ಟದ," ಎಂದು ಪಾಟೀಲರು ಉಳಿದ ರೊಟ್ಟಿಯನ್ನು ಎತ್ತಿಕೊಂಡು ಹೋದರು. ಆ ವಾರವಿಡೀ ನನ್ನ ಜೊತೆ ಲಿಫ್ಟಿನಲ್ಲಿ ಮಾತಾಡಲಿಲ್ಲ.

ನೀರ್‌ದೋಸೆಯನ್ನೂ ಗೋಳಿಬಜೆ ಮಣಿಸಿತು. ಅದೇ ಸಂಜೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ನಾನು ಹಿಂದಿಯಲ್ಲಿ ಪ್ರಕಟಣೆ ಹೊರಡಿಸಿದೆ. ವ್ಯವಸ್ಥಿತ ಪರೀಕ್ಷೆಯ ನಂತರ ನಾಯಿಗಳ ಅಚ್ಚುಮೆಚ್ಚಿನ ತಿಂಡಿ ಗೋಳಿಬಜೆ ಎಂದು ಸಾಬೀತಾಗಿದೆ, ನಾಯಿ ಸಾಕಿದವರು ಸಲಹೆಗೆ ಮೂರನೆಯ ಮಹಡಿಯಲ್ಲಿ ಸಂಪರ್ಕಿಸಬಹುದು, ಇತ್ಯಾದಿ. ಹದಿನಾಲ್ಕು ಹೆಬ್ಬೆರಳು ಬಂದವು. ಒಬ್ಬರು ಹೂಗುಚ್ಛವನ್ನೂ ಕಳಿಸಿದರು.

ಮಂಗಳವಾರ ಸಂಜೆ, ಬುಧವಾರ, ಗುರುವಾರ ಮೂರು ಗೋಳಿಬಜೆ, ಮೂರು ಮಾತ್ರೆ. ತಟ್ಟೆ ಇಡುವುದು, ಪೇಪರ್ ಓದುವುದು, ಹೋಗಿ ನೋಡುವುದು. ಬಜೆಯೂ ಇಲ್ಲ, ಮಾತ್ರೆಯೂ ಇಲ್ಲ! ಪುಣೆಗೆ ಫೋನ್ ಮಾಡಿ, "ಮಗಾ, ಒಂದು ಚೂರೂ ಬಿಡದೆ ತಿಂದ," ಎಂದೆ. "ಪಪ್ಪಾ, ಯು ಆರ್ ದ ಬೆಸ್ಟ್," ಎಂದಳು ಅನುಷಾ. ಆ ಮಾತು ಕೇಳಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಶೇರುವಿನ ಕಾಲೂ ನೆಲಕ್ಕೆ ತಾಗುತ್ತಿರಲಿಲ್ಲ. ಅದು ಇನ್ನೂ ಮೂರೇ ಕಾಲಿನಲ್ಲಿ ಕುಂಟುತ್ತಿತ್ತು. ಔಷಧ ಕೆಲಸ ಮಾಡಲು ಸಮಯ ಬೇಕು ಎಂದು ನಾನು ಸಮಾಧಾನ ಹೇಳಿಕೊಂಡೆ.

ಶುಕ್ರವಾರ ಬೆಳಗ್ಗೆ ರಿಕ್ಷಾದಲ್ಲಿ ಅದನ್ನು ಕೂರಿಸಿಕೊಂಡು ತಪಾಸಣೆಗೆ ಹೋದೆ. ಡಾಕ್ಟರ್ ಚಿಕ್ಕ ವಯಸ್ಸಿನ ಮರಾಠಿ ಹುಡುಗಿ. ಪಟ್ಟಿ ಬಿಚ್ಚಿದವಳು ಹುಬ್ಬು ಗಂಟು ಹಾಕಿದಳು. ಗಾಯ ಕೆಂಪಗೆ ಊದಿ, ಅಂಚಿನಲ್ಲಿ ಕೀವು ಕಟ್ಟಿತ್ತು.

"ಅಂಕಲ್, ಗೋಲಿ ದಿಯಾ ಥಾ ನಾ?" ಎಂದು ಮಾತ್ರೆಯ ಬಗ್ಗೆ ಕೇಳಿದಳು.

"ಏಕ್ದಮ್ ಬರಾಬರ್ ದಿಯಾ!" ಎಂದೆ. ನೋಟ್‌ಬುಕ್ಕನ್ನೂ ತೆಗೆದು ತೋರಿಸಿದೆ. ಅವಳು ಎರಡು ಪುಟ ತಿರುವಿ, ನಾನು ಬಿಡಿಸಿದ್ದ ಗೋಳಿಬಜೆಯ ಚಿತ್ರದ ಮೇಲೆ ಕಣ್ಣಿಟ್ಟು, ನನ್ನ ಮುಖ ನೋಡಿ, ಪುಸ್ತಕ ಮುಚ್ಚಿ ವಾಪಸ್ ಕೊಟ್ಟಳು. ಮಾತ್ರೆ ಹೊಟ್ಟೆಗೆ ಹೋಗಿದ್ದರೆ ಗಾಯ ಹೀಗಿರುತ್ತಿರಲಿಲ್ಲ, ಇಲ್ಲವೇ ಔಷಧವೇ ಹಿಡಿಯುತ್ತಿಲ್ಲ ಎಂದಳು. ಇನ್ನೂ ಜೋರಿನ ಮಾತ್ರೆ ಬರೆದುಕೊಟ್ಟಳು. ಸೋಮವಾರದೊಳಗೆ ಇಳಿಯದಿದ್ದರೆ ಪ್ರಜ್ಞೆ ತಪ್ಪಿಸಿ, ಕೊಯ್ದು, ಶುದ್ಧ ಮಾಡಲೇಬೇಕಂತೆ.

ವಾಪಸ್ ಬರುವಾಗ ಶೇರು ರಿಕ್ಷಾದಲ್ಲಿ ನನ್ನ ತೊಡೆಯ ಮೇಲೆ ತಲೆ ಇಟ್ಟು ನಡುಗುತ್ತಿತ್ತು. ಮಗಳಿಗೆ ಏನೆಂದು ಹೇಳಲಿ? ಅಷ್ಟು ನಂಬಿ ಬಿಟ್ಟು ಹೋಗಿದ್ದಾಳೆ. ಆದರೂ ನನ್ನ ಲೆಕ್ಕದಲ್ಲಿ ತಪ್ಪಿರಬಹುದು ಎಂದು ಒಂದು ಕ್ಷಣವೂ ಅನ್ನಿಸಲಿಲ್ಲ. ತಪ್ಪು ಔಷಧದ ಕಂಪನಿಯದ್ದೇ ಎಂದು ತೀರ್ಮಾನಿಸಿ, ಅವರಿಗೆ ಬರೆಯಬೇಕಾದ ದೂರುಪತ್ರದ ಒಕ್ಕಣೆಯನ್ನೂ ಮನೆ ಬರುವಷ್ಟರಲ್ಲಿ ಸಿದ್ಧಪಡಿಸಿದೆ.

ಮಧ್ಯಾಹ್ನ ಹೊಸ ಮಾತ್ರೆಯನ್ನು ಗೋಳಿಬಜೆಯೊಳಗಿಟ್ಟು ತಟ್ಟೆ ಇಟ್ಟೆ. ದೂರು ಬರೆಯಬೇಕಾದರೆ ಕಣ್ಣಾರೆ ಕಂಡ ಸಾಕ್ಷಿ ಬೇಕಲ್ಲ! ಹಾಗಾಗಿ ಮೂವತ್ತು ವರ್ಷದ ನಿಯಮ ಮುರಿದು, ಪರದೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು ನಿಂತೆ.

ಶೇರು ಬಂದಿತು. ತಟ್ಟೆಯಿಂದ ಎರಡು ಅಡಿ ದೂರ ನಿಂತು ಒಮ್ಮೆ ಆಕಳಿಸಿ, ಹಿಂದಿರುಗಿ ಸೋಫಾದ ಹಿಂದೆ ಹೋಯಿತು. ಮೂಸಿ ಸಹ ನೋಡಲಿಲ್ಲ! ಐದು ನಿಮಿಷ ಕಳೆಯಿತು. ವಸಂತಿ ಸೆರಗಿಗೆ ಕೈ ಒರೆಸುತ್ತಾ ಬಂದಳು. ತಟ್ಟೆ ಎತ್ತಿಕೊಂಡಳು. ನೇರ ಅಡುಗೆಮನೆಯ ಕಿಟಕಿಗೆ ಹೋಗಿ ಹೊರಗಿನ ಗ್ರಿಲ್ಲಿನ ಮೇಲಿಟ್ಟು, "ಕಾ ಕಾ" ಎಂದು ಕರೆದಳು. ಕರೆಯುವ ಅಗತ್ಯವೇ ಇರಲಿಲ್ಲ, ನಾಲ್ಕು ಕಾಗೆಗಳು ಟೋಕನ್ ತೆಗೆದುಕೊಂಡವರ ಹಾಗೆ ಸಾಲಾಗಿ ಕೂತಿದ್ದವು. ದಪ್ಪನೆಯ ಒಂದು ಕಾಗೆ ಗೋಳಿಬಜೆಯನ್ನು ಮಾತ್ರೆ ಸಮೇತ ಕೊಕ್ಕಿನಲ್ಲಿ ಕಚ್ಚಿ ಮೆಟ್ರೋ ಲೈನಿನ ಕಡೆ ಹಾರಿತು. ವಸಂತಿ ಖಾಲಿ ತಟ್ಟೆಯನ್ನು ತಂದು ಮೊದಲಿದ್ದ ಜಾಗದಲ್ಲೇ, ಒಂದಿಂಚು ಆಚೀಚೆ ಆಗದ ಹಾಗೆ ಇಟ್ಟಳು!

"ವಸಂತೀ!" ಎಂದು ಕೂಗಿದೆ.

"ಅಯ್ಯೋ ದೇವರೇ! ಪರದೆ ಹಿಂದೆ ಎಂತ ಮಾಡ್ತೀರಿ ಮಾರಾಯ್ರೆ? ಎದೆ ಒಡೆದು ಹೋಯ್ತು!"

"ನೀನು ಎಂತ ಮಾಡಿದ್ದು ಅದು?"

"ದಿನಾ ಮಾಡಿದ್ದೇ. ನಾಯಿ ಮೂಸಿಯೂ ನೋಡುದಿಲ್ಲ. ಒಳ್ಳೆ ತಿಂಡಿ, ಕಸಕ್ಕೆ ಹಾಕ್ಲಿಕ್ಕೆ ಮನಸ್ಸು ಬರ್ತದಾ? ಕಾಗೆಗಾದ್ರೂ ಆಗ್ಲಿ ಅಂತ ಇಡ್ತೇನೆ. ಅದು ಬೇಕಾದ್ದು ತಿಂದು ಬೇಡದ್ದು ಬಿಡ್ತದೆ."

"ತಟ್ಟೆ ವಾಪಸ್ ಯಾಕೆ ಇಟ್ಟದ್ದು?"

"ನೀವೇ ಹೇಳಿದ್ದಲ್ವಾ, ತಟ್ಟೆ ಇಟ್ಟ ಜಾಗದಲ್ಲೇ ಇರ್ಬೇಕು ಅಂತ? ಎರಡನೇ ನಿಯಮ!"

"ನಾಯಿ ತಿನ್ನುವುದಿಲ್ಲ ಅಂತ ನನಗೆ ಒಂದು ಮಾತು ಹೇಳಬಾರದಿತ್ತಾ?"

"ಅಭಿಪ್ರಾಯ ಹೇಳ್ಬಾರ್ದು ಅಂದಿದ್ರಲ್ಲ. ಒಂದನೇ ನಿಯಮ!"

ನಾನು ನೋಟ್‌ಬುಕ್ಕು ತೆರೆದು ನೋಡಿದೆ. ನಾಲ್ಕು ದಿನದಿಂದ ನಾನು ನಾಯಿಯ ಹೆಸರಿನಲ್ಲಿ ಬರೆದಿಟ್ಟದ್ದು ಕಾಗೆಗಳ ರುಚಿ! ಇನ್ಫೆಕ್ಷನ್ ಇದ್ದದ್ದು ಶೇರುವಿಗೆ, ಮದ್ದು ತಿಂದದ್ದು ಘಾಟ್ಕೋಪರಿನ ಕಾಗೆಗಳು. ಅವು ಈಗ ಆರೋಗ್ಯವಾಗಿರಬೇಕು! ನಾಯಿಯ ಹೊಟ್ಟೆಗೆ ಇಷ್ಟು ದಿನ ಬೀಳುತ್ತಿದ್ದದ್ದು ಸಂಜೆ ವಸಂತಿ ತನ್ನ ಕೈಯಾರೆ ಕೊಡುತ್ತಿದ್ದ ಬಿಸಿ ಅನ್ನ ಮಾತ್ರವಂತೆ. ನನ್ನ ಕೈಯ ತಿಂಡಿಯನ್ನು ಅದು ಸೋಮವಾರವೇ ಬಹಿಷ್ಕರಿಸಿತ್ತು. ಒಮ್ಮೆ ಮೋಸ ಹೋದ ಗಿರಾಕಿ ಮತ್ತೆ ಆ ಹೋಟೆಲಿಗೆ ಬರುವುದಿಲ್ಲ ಎನ್ನುವ ಪಾಠ ನನಗೆ ಗೊತ್ತಿತ್ತು. ಗಿರಾಕಿಗೆ ನಾಲ್ಕು ಕಾಲಿದ್ದರೂ ಅದು ಅನ್ವಯಿಸುತ್ತದೆ ಎಂದು ಗೊತ್ತಿರಲಿಲ್ಲ.

"ಎಷ್ಟು ಮಾತ್ರೆ ಹೋಯ್ತು?" ಬಜೆಯೊಳಗೆ ಮಾತ್ರೆ ಇತ್ತು ಎಂದು ನನ್ನಿಂದ ಕೇಳಿ ವಸಂತಿಯ ಮುಖವೂ ಸಣ್ಣಗಾಯಿತು. "ಮಾತ್ರೆ ಬಜೆಯ ಒಳಗೆ ಉಂಟು ಅಂತ ನಂಗೆ ಹೇಗೆ ಗೊತ್ತು? ನೀವು ಪರೀಕ್ಷೆ ಪರೀಕ್ಷೆ ಅಂತಿದ್ರಿ. ಪಾಪ, ಆ ಮೂಕ ಪ್ರಾಣಿ."

ನಾನು ಹೊಸ ಸ್ಟ್ರಿಪ್ಪಿನಿಂದ ಇನ್ನೊಂದು ಮಾತ್ರೆ ತೆಗೆದೆ. "ಇನ್ನು ಯಾವ ತಿಂಡಿ ಮಾಡುವುದು?" ಎಂದು ಕೇಳಿದೆ.

"ಇಲ್ಲಿ ಕೊಡಿ."

ವಸಂತಿ ಮಾತ್ರೆ ತೆಗೆದುಕೊಂಡು ಸೋಫಾದ ಪಕ್ಕ ನೆಲದ ಮೇಲೆ ಕೂತಳು. "ಬಾ ಮಗಾ," ಎಂದಳು. ಶೇರು ಕುಂಟುತ್ತಾ ಬಂದು ಅವಳ ಮಡಿಲಿಗೆ ಒರಗಿತು. ಅವಳು ಎಡಗೈಯಿಂದ ಅದರ ದವಡೆ ಅಗಲಿಸಿ, ಬಲಗೈಯಿಂದ ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಇಟ್ಟು, ಬಾಯಿ ಮುಚ್ಚಿ ಹಿಡಿದು, ಗಂಟಲನ್ನು ಮೇಲಿಂದ ಕೆಳಗೆ ಎರಡು ಸಲ ಸವರಿದಳು. ಗುಳುಕ್!

"ಜಾಣ," ಎಂದು ತಲೆ ತಟ್ಟಿದಳು. ಶೇರು ಬಾಲ ಅಲ್ಲಾಡಿಸಿತು.

"ಇದನ್ನು ಎಲ್ಲಿ ಕಲಿತೆ?"

"ಅನುಷಾ ಚಿಕ್ಕವಳಿದ್ದಾಗ ಜ್ವರ ಬಂದ್ರೆ ಯಾರು ಕೊಡ್ತಿದ್ದದ್ದು? ನೀವು ಫೋರ್ಟಲ್ಲಿ ಇರ್ತಿದ್ರಿ."

ಶನಿವಾರ, ಭಾನುವಾರ ಮದ್ದು ಕೊಡುವ ಖಾತೆ ವಸಂತಿಯದ್ದು. ನನಗೆ ನೀರಿನ ಬಟ್ಟಲು ತುಂಬಿಸುವ ಖಾತೆ ಸಿಕ್ಕಿತು. ಭಾನುವಾರ ರಾತ್ರಿ ನಿದ್ದೆ ಬರಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ. ಸೋಮವಾರ ಡಾಕ್ಟರ್ ಪಟ್ಟಿ ಬಿಚ್ಚುವಾಗ ನಾನು ಗೋಡೆಯ ಮೇಲಿನ ಬೆಕ್ಕಿನ ಚಿತ್ರ ನೋಡುತ್ತಾ ನಿಂತೆ. "ಅರೇ ವ್ಹಾ!" ಎಂದಳು ಅವಳು. ಊತ ಇಳಿದಿತ್ತು, ಕೀವು ಒಣಗಿತ್ತು. ಕೊಯ್ಯುವ ಮಾತೇ ಇಲ್ಲ! ನಾನು ಶೇರುವನ್ನು ಅಪ್ಪಿಕೊಂಡೆ. ಅದು ಮುಖ ಆಚೆ ತಿರುಗಿಸಿತು. ಇರಲಿ ಬಿಡಿ, ಗಿರಾಕಿ ಕೋಪ ಮಾಡಿಕೊಳ್ಳುವುದು ಸಹಜ.

ವಿಷಯ ತಿಳಿದು ಪಾಟೀಲರು ಮತ್ತೆ ಮಾತು ಶುರು ಮಾಡಿದರು. "ಅಂದ್ರ ನಮ್ಮ ರೊಟ್ಟಿ ಸೋತಿದ್ದು ಕಾಗಿ ಮುಂದ, ನಾಯಿ ಮುಂದ ಅಲ್ಲ. ಅದನ್ನ ಗ್ರೂಪಿನ್ಯಾಗ ಹಾಕ್ರಿ ಭಟ್ರ!" ಹಾಕಿದೆ. ಈ ಸಲ ನಲವತ್ತೊಂದು ಹೆಬ್ಬೆರಳು ಬಂದವು.

ಸಂಜೆ ಅನುಷಾ ಬಂದಳು. ಶೇರು ನಾಲ್ಕೂ ಕಾಲೂರಿ ಓಡಿ ಹೋಗಿ ಅವಳ ಮೇಲೆ ಬಿದ್ದಿತು. ಎಲ್ಲ ಕಥೆ ಕೇಳಿ ಅವಳು ನಕ್ಕು ನಕ್ಕು ಸೋಫಾದಿಂದ ಜಾರಿದಳು. "ಪಪ್ಪಾ, ಫಿರ್ ಭೀ, ಅವನಿಗೆ ಏನು ಇಷ್ಟ ಅಂತ ಗೊತ್ತೇ ಆಗ್ಲಿಲ್ಲಾ?"

"ನಾಯಿಯದ್ದು ಹೋಗ್ಲಿ," ಎಂದಳು ವಸಂತಿ, ನೀರಿನ ಲೋಟ ಹಿಡಿದು ಬರುತ್ತಾ. "ನಂಗೆ ಯಾವ ತಿಂಡಿ ಇಷ್ಟ ಅಂತ ಕೇಳು ನಿನ್ನ ಪಪ್ಪನ ಹತ್ರ."

ನಾನು ನಕ್ಕೆ. ಇದೆಂಥ ಪ್ರಶ್ನೆ! ಇಪ್ಪತ್ತೇಳು ವರ್ಷ ಎದುರಿಗಿದ್ದ ಮುಖ. ಒಂದು ಸಲ ನೋಡಿದೆ, ಸಾಕಾಯಿತು. "ನೀರ್‌ದೋಸೆ!"

"ಅದು ನಿಮ್ಮ ಅಮ್ಮನಿಗೆ."

"ಅಲ್ಲ ಅಲ್ಲ, ಪತ್ರೊಡೆ."

"ಅದು ನಿಮಗೆ."

"ಗೋಳಿಬಜೆ?"

"ಅದು ಕಾಗೆಗೆ!"

"ಪಪ್ಪಾ! ಸಾಬುದಾನಾ ಖಿಚಡಿ!" ಎಂದು ಅನುಷಾ ಹಣೆ ಚಚ್ಚಿಕೊಂಡಳು. "ಮಮ್ಮಿ ಹೊರಗೆ ಹೋದ್ರೆ ಯಾವಾಗ್ಲೂ ಅದೇ ತಿಂತಾಳೆ. ಇಷ್ಟು ವರ್ಷ ನೋಡಿಲ್ವಾ?"

ಸಾಬುದಾನಾ ಖಿಚಡಿ! ನಮ್ಮ ಹೋಟೆಲಿನಲ್ಲಿ ದಿನಾ ಬೆಳಗ್ಗೆ ದೊಡ್ಡ ಪಾತ್ರೆ ತುಂಬ ಮಾಡುವ ತಿಂಡಿ. ನನ್ನ ಕೌಂಟರಿನಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಊರಿನವರಿಗೆಲ್ಲ ಕಟ್ಟಿಸಿ ಕೊಟ್ಟಿದ್ದೇನೆ, ಮನೆಗೆ ಒಂದೇ ಒಂದು ಪೊಟ್ಟಣ ತಂದವನಲ್ಲ. ಕೇಳಿದವನೂ ಅಲ್ಲ. ಏನಾದರೂ ಹೇಳಬೇಕು ಎಂದು ಬಾಯಿ ತೆರೆದೆ.

ಆ ಸಂದರ್ಭವನ್ನು ವಸಂತಿ ವ್ಯರ್ಥ ಮಾಡಲಿಲ್ಲ. ನಾನು ದಿನಾ ಮರೆಯುವ ಬಿ.ಪಿ. ಮಾತ್ರೆಯನ್ನು ನಾಲಿಗೆಯ ಬುಡಕ್ಕೆ ಇಟ್ಟು, ದವಡೆ ಮುಚ್ಚಿ, ಗಂಟಲನ್ನು ಮೇಲಿಂದ ಕೆಳಗೆ ಎರಡು ಸಲ ಸವರಿದಳು.

ಗುಳುಕ್!

"ಜಾಣ," ಎಂದಳು. ಅಲ್ಲಾಡಿಸಲು ನನಗೊಂದು ಬಾಲ ಇರಲಿಲ್ಲ, ಅಷ್ಟೇ.